ಸಂದರ್ಶನ ಮುಗಿದ ಮೇಲೆ ಯಾರಿಗೆ ಬರೆಯಬೇಕು?

ಮಿತ್ರರೇ, ಡಾಕ್ಟರಿ ಸೀಟಿನ ವಿಷಯ ಬರೆಯಲಿಕ್ಕೆ ಕಾಮರ್ಸ್ ಹುಡುಗನಿಗೇನು ಕೆಲಸ ಅಂತ ನೀವು ಕೇಳಬಹುದು. ಕೇಳತಕ್ಕ ಮಾತೇ. ಆದರೆ ನಮ್ಮ ಕುಷಾಯಿಗೂಡದ ಕಡೆಯ ಕನ್ನಡ ಮನೆಗಳಲ್ಲಿ ಇಂಗ್ಲಿಷಿನಲ್ಲಿ ಬಂದ ಕಾಗದ ಯಾವುದೇ ಇರಲಿ, ಅದು ಕೊನೆಗೆ ಕಾಲೇಜಿಗೆ ಹೋಗುವ ಹುಡುಗನ ಕೈಗೇ ಬರುತ್ತದೆ. ಬ್ಯಾಂಕಿನ ನೋಟೀಸು, ಪ್ರಾವಿಡೆಂಟ್ ಫಂಡಿನ ಲೆಕ್ಕ, ಎಲ್.ಐ.ಸಿ. ಪಾಲಿಸಿ, ಈಗ ಮೆಡಿಕಲ್ ಕೌನ್ಸೆಲಿಂಗಿನ ಪ್ರಕಟಣೆ. ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಕಾರ್ಖಾನೆ ಕೆಲಸಕ್ಕೆ ಬಂದು ಇ.ಸಿ.ಐ.ಎಲ್., ಚೆರ್ಲಪಲ್ಲಿಯ ಸುತ್ತ ಬಾಡಿಗೆ ಮನೆ ಹಿಡಿದವರು ನಾವು. ಹತ್ತನೆಯ ತರಗತಿಯ ತನಕ ಕನ್ನಡದಲ್ಲೇ ಓದಿದವನು ನಾನು. ಇಪ್ಪತ್ತು ಪುಟದ ಇಂಗ್ಲಿಷ್ ಸೂಚನೆ ಕಂಡರೆ ಎದೆ ಹೇಗೆ ಡವಡವ ಅನ್ನುತ್ತದೆ ಅಂತ ಬಲ್ಲೆ. ಆದ್ದರಿಂದ ಈ ಲೇಖನ.

ನನ್ನ ಚಿಕ್ಕಪ್ಪನ ಮಗಳು, ಅಂದರೆ ನನ್ನ ತಂಗಿ, ಹುಮನಾಬಾದ್ ತಾಲೂಕಿನ ಹಳ್ಳಿಯಲ್ಲಿ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಇಲ್ಲಿಗೆ ಬಂದು ಇಂಟರ್‌ಮೀಡಿಯೆಟ್ ಮುಗಿಸಿದಳು. ನೀಟ್ ಬರೆದಳು. ಫಲಿತಾಂಶ ಬಂದ ದಿನ ಚಿಕ್ಕಪ್ಪ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ತಮ್ಮಾ, ಕಮಿಟ್ಯಾಗ ಯಾರಾರ ಪರಿಚಯದವರು ಅದಾರೇನು ನೋಡೋ. ಒಂದು ಮಾತು ಹೇಳಿಸಿದ್ರ ಆಗ್ತದಲ್ಲ." ಮೆಷಿನ್ ಶಾಪಿನಲ್ಲಿ ದುಡಿಯುವ ಚಿಕ್ಕಪ್ಪನ ಕಣ್ಣಿಗೆ ಕಮಿಟಿ ಅಂದರೆ ಹಸಿರು ಬಟ್ಟೆ ಹಾಸಿದ ಮೇಜಿನ ಆ ಕಡೆ ಕೂತ ನಾಲ್ಕೈದು ದೊಡ್ಡ ಮನುಷ್ಯರು. ಈ ಚಿತ್ರ ಅವರು ಕಟ್ಟಿಕೊಂಡ ಕಲ್ಪನೆಯಲ್ಲ. ಅಂಥ ಮೇಜು ಒಂದು ಕಾಲಕ್ಕೆ ನಿಜವಾಗಿಯೂ ಇತ್ತು. ಅದು ಎಲ್ಲಿ ಹೋಯಿತು, ಈಗ ಅದರ ಜಾಗದಲ್ಲಿ ಏನಿದೆ, ಅದರ ಜೊತೆ ಸಂಪರ್ಕ ಇಟ್ಟುಕೊಳ್ಳುವುದು ಹೇಗೆ, ಇಷ್ಟನ್ನು ತಿಳಿದರೆ ಅರ್ಧ ಭಯ ಹೋಗುತ್ತದೆ.

ಮೇಜು ಇದ್ದ ಕಾಲ

1963ರಲ್ಲಿ ಅಂದಿನ ಮೈಸೂರು ಸರ್ಕಾರ ಎಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳ ಆಯ್ಕೆಗೆ ಒಂದು ಕ್ರಮ ಗೊತ್ತುಮಾಡಿತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕ ಎಷ್ಟೋ ಅದರ ಶೇಕಡಾ 25ರಷ್ಟು ಅಂಕ ಸಂದರ್ಶನಕ್ಕೆ. ಸಂದರ್ಶನದಲ್ಲಿ ಏನು ನೋಡಬೇಕು? ಸಾಮಾನ್ಯ ಜ್ಞಾನ, ಅಭಿರುಚಿ ಮತ್ತು ವ್ಯಕ್ತಿತ್ವ, ಹಿಂದಿನ ಓದಿನ ದಾಖಲೆ, ಎನ್.ಸಿ.ಸಿ.ಯಂಥವು, ಆಟ, ಸಮಾಜಸೇವೆ, ಚರ್ಚಾಸ್ಪರ್ಧೆ, ನಾಟಕ ಇತ್ಯಾದಿ. ಓದಲಿಕ್ಕೆ ಚಂದವಾಗಿದೆ. ಆದರೆ ಲೆಕ್ಕ ಹಾಕಿ ನೋಡೋಣ. ಐಚ್ಛಿಕ ವಿಷಯಗಳಿಗೆ ಒಟ್ಟು 300 ಅಂಕ ಅಂತಿಟ್ಟುಕೊಂಡರೆ ಸಂದರ್ಶನಕ್ಕೆ 75. ಒಬ್ಬಳು ಪರೀಕ್ಷೆಯಲ್ಲಿ 240 ತೆಗೆದಳು, ಇನ್ನೊಬ್ಬ 210 ತೆಗೆದ. ಮೇಜಿನ ಮುಂದೆ ಅವಳಿಗೆ 25 ಬಿತ್ತು, ಅವನಿಗೆ 60 ಬಿತ್ತು. ಅವಳದು 265, ಅವನದು 270. ವರ್ಷವಿಡೀ ಓದಿ ಗಳಿಸಿದ 30 ಅಂಕದ ಅಂತರ ಕೆಲವೇ ನಿಮಿಷಗಳಲ್ಲಿ ಮಗುಚಿ ಬಿತ್ತು.

ಇದನ್ನು ಪ್ರಶ್ನಿಸಿ ಸೀಟು ತಪ್ಪಿದ ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. ಆರ್. ಚಿತ್ರಲೇಖಾ ವಿರುದ್ಧ ಮೈಸೂರು ರಾಜ್ಯ ಎಂಬ ಆ ಮೊಕದ್ದಮೆಯ ತೀರ್ಪನ್ನು ಸುಪ್ರೀಂ ಕೋರ್ಟು 1964ರ ಜನವರಿಯಲ್ಲಿ ಕೊಟ್ಟಿತು. ಬಹುಮತದ ತೀರ್ಪು ಸರ್ಕಾರದ ಪರವಾಯಿತು. ಸಂದರ್ಶನ ಎಂಬುದು ಒಪ್ಪಿತವಾದ ಪದ್ಧತಿಯೇ, ಯಾರೋ ದುರುಪಯೋಗ ಮಾಡಬಹುದು ಅನ್ನುವ ಕಾರಣಕ್ಕೆ ಪದ್ಧತಿಯೇ ತಪ್ಪಾಗುವುದಿಲ್ಲ ಎಂಬುದು ಅದರ ಧಾಟಿ. ನ್ಯಾಯಮೂರ್ತಿ ಮುಧೋಳ್ಕರ್ ಒಬ್ಬರು ಮಾತ್ರ ಭಿನ್ನಮತ ಬರೆದರು.

ಆದರೆ ಪ್ರಶ್ನೆ ಅಲ್ಲಿಗೇ ನಿಲ್ಲಲಿಲ್ಲ. 1970ರಲ್ಲಿ ಮದರಾಸು ಕಡೆಯಿಂದ ಪೆರಿಯಕರುಪ್ಪನ್ ಮೊಕದ್ದಮೆ ಬಂತು. ಅಲ್ಲಿ ಮೆಡಿಕಲ್ ಕಾಲೇಜಿನ ಸಂದರ್ಶನಕ್ಕೆ 75 ಅಂಕ. ಆ ತೀರ್ಪು ಬರೆದವರು ನಮ್ಮ ಕರಾವಳಿಯ ಕೆ.ಎಸ್. ಹೆಗ್ಡೆಯವರು. ಸಂದರ್ಶನ ನಡೆಸಿದ ರೀತಿಯನ್ನು ಅವರು ಬಿಗಿಯಾಗಿಯೇ ಟೀಕಿಸಿದರು. ಹತ್ತು ವರ್ಷ ಕಳೆದ ಮೇಲೆ, 1980ರ ನವೆಂಬರಿನಲ್ಲಿ, ಅಜಯ್ ಹಾಸಿಯಾ ಮೊಕದ್ದಮೆ. ಶ್ರೀನಗರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಲಿಖಿತ ಪರೀಕ್ಷೆಗೆ 100, ಸಂದರ್ಶನಕ್ಕೆ 50. ಒಬ್ಬೊಬ್ಬರ ಸಂದರ್ಶನ ಎರಡು ಮೂರು ನಿಮಿಷ. ಕೇಳಿದ್ದು ತಂದೆ ಯಾರು, ಮನೆ ಎಲ್ಲಿ ಎಂಬಂಥ ಪ್ರಶ್ನೆಗಳು ಎಂದು ದೂರು. ನ್ಯಾಯಮೂರ್ತಿ ಭಗವತಿಯವರು ಮೂರನೆಯ ಒಂದು ಪಾಲು ಅಂಕವನ್ನು ಸಂದರ್ಶನಕ್ಕೆ ಇಡುವುದು ಮನಸೋ ಇಚ್ಛೆಯ ಕೆಲಸ, ಶೇಕಡಾ 15ಕ್ಕಿಂತ ಹೆಚ್ಚು ಸಲ್ಲದು ಎಂದರು. ಸಂದರ್ಶನವನ್ನು ಟೇಪ್ ರೆಕಾರ್ಡ್ ಮಾಡಿದರೆ ಒಳ್ಳೆಯದು ಎಂದೂ ಸೂಚಿಸಿದರು.

ನೋಡಿ, "ತಂದೆ ಯಾರು, ಮನೆ ಎಲ್ಲಿ" ಎಂಬ ಪ್ರಶ್ನೆಗೆ ನಮ್ಮ ಚಿಕ್ಕಪ್ಪನ ಮಗಳು ಏನು ಉತ್ತರ ಕೊಟ್ಟಾಳು? ಲೇತ್ ಮೆಷಿನ್ ನಡೆಸುವವರ ಮಗಳು, ಕುಷಾಯಿಗೂಡದ ಎರಡು ಕೋಣೆಯ ಬಾಡಿಗೆ ಮನೆ. ಆ ಉತ್ತರಕ್ಕೆ ಎಷ್ಟು ಅಂಕ ಬೀಳುತ್ತಿತ್ತೋ! ಮೇಜಿನ ಆ ಕಡೆಯವರು ಎಷ್ಟೇ ಸಜ್ಜನರಾಗಿರಲಿ, ಸಂದರ್ಶನ ಮುಗಿದ ಮೇಲೆ ಅವರಿಗೆ ಒಂದು ಮಾತು ಹೇಳಿಸಬಲ್ಲವರು ಯಾರು, ಹೇಳಿಸಲಾರದವರು ಯಾರು ಎಂಬುದು ಮೊದಲೇ ಗೊತ್ತಾದ ಸಂಗತಿ. ಚಿಕ್ಕಪ್ಪ ಹುಡುಕುವ ಆ 'ಪರಿಚಯದವರು' ನಮ್ಮಂಥವರಿಗೆ ಆಗಲೂ ಸಿಗುತ್ತಿರಲಿಲ್ಲ.

ಮೇಜು ಹೋದದ್ದು ಹೇಗೆ

ಕರ್ನಾಟಕದಲ್ಲಿ 1994ರಿಂದ ಸಿ.ಇ.ಟಿ. ಬಂತು. ಎಲ್ಲರಿಗೂ ಒಂದೇ ಪರೀಕ್ಷೆ, ರ‍್ಯಾಂಕಿನ ಪ್ರಕಾರ ಸೀಟು. ಮೊದಲ ವರ್ಷಗಳಲ್ಲಿ ಹುಡುಗರು ತಂದೆ ತಾಯಿಯ ಜೊತೆ ಬೆಂಗಳೂರಿಗೆ ಹೋಗಿ, ಪರದೆಯ ಮೇಲೆ ಉಳಿದ ಸೀಟು ನೋಡಿ, ತಮ್ಮ ಸರದಿ ಬಂದಾಗ ಇಂಥ ಕಾಲೇಜು ಎಂದು ಹೇಳುತ್ತಿದ್ದರು. ಮೇಜಿತ್ತು, ಆದರೆ ಮೇಜಿನವರ ಕೈಯಲ್ಲಿ ಅಂಕವಿರಲಿಲ್ಲ. ಅದೂ ಹೋಗಿ ಈಗ ಎಲ್ಲ ಕಂಪ್ಯೂಟರಿನಲ್ಲೇ.

ದೇಶಕ್ಕೆಲ್ಲ ಒಂದೇ ಪರೀಕ್ಷೆಯಾದ ನೀಟ್ ಮೊದಲು ನಡೆದದ್ದು 2013ರಲ್ಲಿ. ಅದೇ ಜುಲೈ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. 2016ರ ಏಪ್ರಿಲಿನಲ್ಲಿ ಆ ತೀರ್ಪನ್ನು ಕೋರ್ಟೇ ಹಿಂದಕ್ಕೆ ತೆಗೆದುಕೊಂಡಿತು. ಅಲ್ಲಿಂದ ಎಂ.ಬಿ.ಬಿ.ಎಸ್.ಗೆ ನೀಟ್ ಖಾಯಂ ಆಯಿತು. 2020ರಿಂದ ಏಮ್ಸ್, ಜಿಪ್‌ಮರ್‌ಗಳೂ ಅದರೊಳಗೇ ಬಂದವು.

ಇದರ ವಿರುದ್ಧದ ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ಲೆಕ್ಕ ಒಂದೇ ಬದಿಯದಾಗುತ್ತದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ತಮ್ಮದೇ ಪರೀಕ್ಷೆ, ಸಂದರ್ಶನಗಳಿಂದ ವಿದ್ಯಾರ್ಥಿಗಳನ್ನು ಆರಿಸುತ್ತಿದ್ದವರು. ಹಳ್ಳಿಯ ಆಸ್ಪತ್ರೆಗೆ ಹೋಗಿ ದುಡಿಯುವ ಮನಸ್ಸು ಇದೆಯೇ ಎಂಬುದನ್ನು ರ‍್ಯಾಂಕು ಹೇಳಲಾರದು ಎಂಬುದು ಅವರ ವಾದ. 2017ರಲ್ಲಿ ಅವರು 100 ಎಂ.ಬಿ.ಬಿ.ಎಸ್. ಸೀಟುಗಳಲ್ಲಿ ಒಂದನ್ನು ಮಾತ್ರ ತುಂಬಿ ಉಳಿದುದನ್ನು ಖಾಲಿ ಬಿಟ್ಟು ಪ್ರತಿಭಟಿಸಿದರು. 2020ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತರ ಖಾಸಗಿ ಕಾಲೇಜುಗಳಿಗೂ ನೀಟ್ ಅನ್ವಯ ಎಂದು ತೀರ್ಮಾನಿಸಿತು. ಅವರ ವಾದದಲ್ಲಿ ಸತ್ವವಿಲ್ಲ ಅಂತ ನಾನು ಹೇಳಲಾರೆ. ಒಳ್ಳೆಯ ಮನಸ್ಸು ಅಳೆಯುವ ಮೇಜು ಒಂದು ಕಡೆ ಇರಬಹುದು. ಆದರೆ ತಂದೆ ಯಾರು ಎಂದು ಕೇಳುವ ಮೇಜು ಹತ್ತು ಕಡೆ ಇದ್ದಾಗ ನಮ್ಮಂಥವರಿಗೆ ರ‍್ಯಾಂಕೇ ವಾಸಿ.

ಸಂದರ್ಶನ ಪೂರ್ತಿ ಅಳಿದಿಲ್ಲ. ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ನೀಟ್ ಆದ ಮೇಲೆ ಇನ್ನೊಂದು ಪರೀಕ್ಷೆ, ಸಂದರ್ಶನ, ದೇಹ ತಪಾಸಣೆ ಎಲ್ಲ ಉಂಟು. ಆದರೆ ಅಲ್ಲಿಯೂ ಸಂದರ್ಶನ ಮುಗಿದ ಮೇಲೆ ಬರೆದು ಒಲಿಸಿಕೊಳ್ಳಲಿಕ್ಕೆ ಯಾರೂ ಇಲ್ಲ. ಪಟ್ಟಿ ಬರುವ ತನಕ ಕಾಯಬೇಕು, ಕರೆದ ದಿನ ಹೋಗಬೇಕು.

ಅಮೆರಿಕದ ಪದ್ಧತಿ ಇಲ್ಲಿ ನಡೆಯದು

ಅಮೆರಿಕದಲ್ಲಿ ನೆಂಟರಿರುವ ಮನೆಗಳಲ್ಲಿ ಇನ್ನೊಂದು ಮಾತು ಕೇಳಿಬರುತ್ತದೆ. "ನಮ್ಮಣ್ಣನ ಮಗ ಸಂದರ್ಶನ ಆದ ಮೇಲೆ ಕಾಲೇಜಿಗೆ ಪತ್ರ ಬರೆದ, ಸೀಟು ಸಿಕ್ಕಿತು. ನೀವೂ ಬರೆಯಿರಿ" ಅಂತ. ಅಲ್ಲಿಯ ಕ್ರಮ ಬೇರೆ. ಅಲ್ಲಿ ಪ್ರತಿ ಕಾಲೇಜಿಗೂ ತನ್ನ ಪ್ರವೇಶ ಸಮಿತಿ ಇದೆ, ಸಂದರ್ಶನ ಇದೆ, ಆಮೇಲೆ ಕಾಯುವವರ ಪಟ್ಟಿ ಇದೆ. ಸಂದರ್ಶನ ಮಾಡಿದವರಿಗೆ ಚಿಕ್ಕದೊಂದು ಕೃತಜ್ಞತಾ ಪತ್ರ. ಆಮೇಲೆ ಹೊಸ ಅಂಕ, ಹೊಸ ಕೆಲಸ ಏನಾದರೂ ಇದ್ದರೆ ತಿಳಿಸುವ ಪತ್ರ. ಕೊನೆಗೆ "ಸೀಟು ಕೊಟ್ಟರೆ ನಿಮ್ಮಲ್ಲಿಗೇ ಬರುತ್ತೇನೆ" ಎಂಬ ಪತ್ರ. ಈ ಕೊನೆಯದನ್ನು ಒಂದೇ ಕಾಲೇಜಿಗೆ ಬರೆಯಬೇಕು, ಇಬ್ಬರಿಗೆ ಬರೆದರೆ ಅದು ಸುಳ್ಳಾಗುತ್ತದೆ. ಕೆಲವು ಕಾಲೇಜುಗಳು ಇಂಥ ಪತ್ರ ಬೇಡವೇ ಬೇಡ ಅನ್ನುತ್ತವೆ. ಅಲ್ಲಿಗೆ ಬರೆದರೆ ಉಪಕಾರಕ್ಕಿಂತ ಅಪಕಾರವೇ. ಕೈಯಲ್ಲಿ ಹಲವು ಸೀಟು ಇದ್ದವರು ಏಪ್ರಿಲ್ 30ರೊಳಗೆ ಒಂದನ್ನು ಇಟ್ಟುಕೊಂಡು ಉಳಿದದ್ದು ಬಿಡಬೇಕು ಎಂಬುದು ಅಲ್ಲಿಯ ಶಿಸ್ತು.

ಅಲ್ಲಿ ಪತ್ರ ಓದುವ ಮನುಷ್ಯನಿದ್ದಾನೆ, ಅವನಿಗೆ ಆರಿಸುವ ಅಧಿಕಾರವೂ ಇದೆ. ನಮ್ಮಲ್ಲಿ ಪತ್ರ ಓದುವವರಿಗೆ ಆರಿಸುವ ಅಧಿಕಾರವಿಲ್ಲ, ಆರಿಸುವ ಕಂಪ್ಯೂಟರಿಗೆ ಪತ್ರ ಓದಲು ಬರುವುದಿಲ್ಲ. ಆದ್ದರಿಂದ ನಮ್ಮಲ್ಲಿ ಸಂಪರ್ಕ ಅಂದರೆ ಪರಿಚಯ ಅಲ್ಲ, ಶಿಫಾರಸು ಅಲ್ಲ. ನಮ್ಮ ಬಿ.ಕಾಂ. ಪಾಠದಲ್ಲಿ ಬರುವ ಪತ್ರ ವ್ಯವಹಾರವೇ ಸಂಪರ್ಕ. ಸರಿಯಾದ ವಿಳಾಸ, ಸರಿಯಾದ ತಾರೀಖು, ಸರಿಯಾದ ಕಾಗದ, ಸ್ವೀಕೃತಿ.

ನಮ್ಮ ಕಮಿಟಿ ಯಾವುದು?

ಮೊದಲು ವಿಳಾಸ. ನೀಟ್ ಬರೆದ ಮಾತ್ರಕ್ಕೆ ಯಾವ ಕಮಿಟಿಗೂ ನಮ್ಮ ಮೇಲೆ ಗಮನ ಬೀಳುವುದಿಲ್ಲ. ಒಂದೊಂದರಲ್ಲೂ ಬೇರೆ ಬೇರೆಯಾಗಿ ಹೆಸರು ನೋಂದಾಯಿಸಬೇಕು. ಕುಷಾಯಿಗೂಡದ ಕನ್ನಡ ಮನೆಗೆ ಸಂಬಂಧಪಟ್ಟವು ಮೂರು.

ಒಂದನೆಯದು ದೆಹಲಿಯ ಮೆಡಿಕಲ್ ಕೌನ್ಸೆಲಿಂಗ್ ಕಮಿಟಿ. ದೇಶದ ಸರ್ಕಾರಿ ಕಾಲೇಜುಗಳ ಶೇಕಡಾ 15ರಷ್ಟು ಸೀಟು, ಏಮ್ಸ್, ಜಿಪ್‌ಮರ್, ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟು ಇದರ ಕೈಯಲ್ಲಿ. ಇದಕ್ಕೆ ಎಲ್ಲ ರಾಜ್ಯದವರೂ ಒಂದೇ.

ಎರಡನೆಯದು ವರಂಗಲ್ಲಿನ ಕಾಳೋಜಿ ನಾರಾಯಣರಾವ್ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ತೆಲಂಗಾಣದ ಸೀಟು ಹಂಚುವುದು ಇದೇ. (ಈ ಕಾಳೋಜಿ ತೆಲುಗಿನ ದೊಡ್ಡ ಕವಿ, 1914ರಲ್ಲಿ ಹುಟ್ಟಿದ್ದು ಮಾತ್ರ ನಮ್ಮ ಕನ್ನಡ ನಾಡಿನ ರಟ್ಟಿಹಳ್ಳಿಯಲ್ಲಿ. ಸಾಹಿತ್ಯ ಕೂಟದವರಿಗೆ ಇಷ್ಟಾದರೂ ಹೇಳದೆ ಹೇಗೆ ಬಿಡಲಿ!) ಇಲ್ಲಿ ಸ್ಥಳೀಯರೆನಿಸಿಕೊಳ್ಳಲು ಅರ್ಹತಾ ಪರೀಕ್ಷೆಯವರೆಗಿನ ಸತತ ನಾಲ್ಕು ವರ್ಷ ತೆಲಂಗಾಣದಲ್ಲಿ ಓದಿರಬೇಕು ಎಂಬುದು ಮುಖ್ಯ ನಿಯಮ. 2024ರಲ್ಲಿ ಇದರ ಮೇಲೆ ದೊಡ್ಡ ವಿವಾದವಾಗಿ, ಹೈಕೋರ್ಟು ಒಂದು ಹೇಳಿ, ಕೊನೆಗೆ 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು ರಾಜ್ಯದ ನಿಯಮವನ್ನು ಎತ್ತಿಹಿಡಿಯಿತು. ಅಂದರೆ ಒಂಬತ್ತು, ಹತ್ತು, ಇಂಟರ್‌ನ ಎರಡು ವರ್ಷ, ನಾಲ್ಕೂ ಇಲ್ಲೇ ಆಗಬೇಕು. ನನ್ನ ತಂಗಿಯದು ಇಲ್ಲಿ ಎರಡೇ ವರ್ಷ. ಅವಳು ಹೈದರಾಬಾದಿನಲ್ಲಿದ್ದರೂ ಇಲ್ಲಿಯವಳಲ್ಲ.

ಹಾಗಾದರೆ ಎಲ್ಲಿಯವಳು? ಮೂರನೆಯದು ಬೆಂಗಳೂರಿನ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆ.ಇ.ಎ. ಅದರ ಮೊದಲ ಅರ್ಹತಾ ಕಲಮಿನ ಪ್ರಕಾರ ಒಂದರಿಂದ ಹನ್ನೆರಡರೊಳಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು, ಎಸ್.ಎಸ್.ಎಲ್.ಸಿ. ಅಥವಾ ದ್ವಿತೀಯ ಪಿ.ಯು.ಸಿ. ಎರಡರಲ್ಲಿ ಒಂದನ್ನು ಕರ್ನಾಟಕದಲ್ಲಿ ಪಾಸು ಮಾಡಿರಬೇಕು. ತಂಗಿ ಹತ್ತೂ ವರ್ಷ ಹುಮನಾಬಾದಿನ ಕಡೆ ಓದಿದವಳು, ಎಸ್.ಎಸ್.ಎಲ್.ಸಿ. ಅಲ್ಲಿಯದೇ. ಬಾಗಿಲು ತೆರೆದಿದೆ. ಅಷ್ಟೇ ಅಲ್ಲ. ಒಂದರಿಂದ ಹತ್ತು ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲು ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5. ಸಂವಿಧಾನದ 371(ಜೆ) ವಿಧಿಯ ಪ್ರಕಾರ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳ ಸ್ಥಳೀಯರಿಗೆ ಆ ಭಾಗದ ಕಾಲೇಜುಗಳಲ್ಲಿ ಶೇಕಡಾ 70, ರಾಜ್ಯದ ಉಳಿದ ಕಡೆ ಶೇಕಡಾ 8. ಬೀದರ್, ಕಲಬುರಗಿ, ರಾಯಚೂರು, ಯಾದಗಿರಿ, ಕೊಪ್ಪಳ, ಬಳ್ಳಾರಿ ಎಲ್ಲ ಕಡೆಯೂ ಸರ್ಕಾರಿ ಮೆಡಿಕಲ್ ಕಾಲೇಜಿದೆ. ಯಾವ ಕನ್ನಡ ಮಾಧ್ಯಮವನ್ನು ನಾವು ಈ ಊರಿನಲ್ಲಿ ಸ್ವಲ್ಪ ಮುಚ್ಚಿಟ್ಟುಕೊಂಡು ಮಾತಾಡುತ್ತೇವೋ, ಅದೇ ಅಲ್ಲಿ ಒಂದು ಅರ್ಹತೆ!

ಜಾತಿ ಪ್ರಮಾಣಪತ್ರದ ವಿಷಯದಲ್ಲೂ ಇದೇ ಎಚ್ಚರ ಬೇಕು. ಆಂಧ್ರದಿಂದ ಮುಂಬಯಿಗೆ ಹೋದ ಕುಟುಂಬದ ಹುಡುಗನೊಬ್ಬ ಪರಿಶಿಷ್ಟ ಪಂಗಡದ ಮೀಸಲಿನಲ್ಲಿ ಮೆಡಿಕಲ್ ಸೀಟು ಕೇಳಿದ ಮೊಕದ್ದಮೆಯಲ್ಲಿ, ವಲಸೆ ಹೋದ ರಾಜ್ಯದಲ್ಲಿ ಆ ಮೀಸಲು ದೊರೆಯುವುದಿಲ್ಲ ಎಂದು 1990ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ನಮ್ಮ ಬೀದರಿನ ಪ್ರಮಾಣಪತ್ರ ಬೀದರಿನ ಬಾಗಿಲಿಗೇ.

ಕಮಿಟಿಯ ಜೊತೆ ಖಾತೆ

ವಿಳಾಸ ಗೊತ್ತಾದ ಮೇಲೆ ವ್ಯವಹಾರ. ಇದನ್ನು ಒಂದು ಖಾತೆಯ ಹಾಗೆ ನಡೆಸಬೇಕು. ಇನ್ನೂರು ಪುಟದ ನೋಟ್‌ಬುಕ್ಕು ಒಂದು ಸಾಕು. ಒಂದೊಂದು ಕಮಿಟಿಗೆ ಒಂದೊಂದು ಭಾಗ. ಎಡಗಡೆ ನಾವು ಕೊಟ್ಟದ್ದು: ತಾರೀಖು, ಯಾವ ಅರ್ಜಿ, ಯಾವ ಕಾಗದ, ಎಷ್ಟು ಹಣ, ರಸೀದಿ ನಂಬರು. ಬಲಗಡೆ ಅವರಿಂದ ಬಂದದ್ದು: ಯಾವ ಪ್ರಕಟಣೆ, ಯಾವ ಪಟ್ಟಿ, ಯಾವ ಕಡೆಯ ದಿನ, ಎಷ್ಟು ಗಂಟೆಯೊಳಗೆ. ವಾರಕ್ಕೊಮ್ಮೆ ಎರಡೂ ಕಡೆ ತಾಳೆ ನೋಡಿದರೆ ಬಾಕಿ ಏನಿದೆ ಅಂತ ತಾನೇ ಕಾಣುತ್ತದೆ. ಪಾಸ್‌ಬುಕ್ಕಿಗೂ ನಮ್ಮ ಲೆಕ್ಕಕ್ಕೂ ತಾಳೆ ನೋಡುವುದಿಲ್ಲವೇ, ಹಾಗೇ.

ಮೊಬೈಲ್ ನಂಬರು ಮತ್ತು ಇ-ಮೇಲ್ ನಿಮ್ಮದೇ ಆಗಿರಬೇಕು, ಕೊನೆಯ ಸುತ್ತಿನ ತನಕ ಬದಲಾಗಬಾರದು. ಹೇಳಲಿಕ್ಕೆ ಸಣ್ಣ ಮಾತು, ಆದರೆ ನಮ್ಮ ಓಣಿಯಲ್ಲೇ ಒಬ್ಬ ಹುಡುಗನ ಅರ್ಜಿ ತುಂಬಿದ ಅಂಗಡಿಯವನು ಅವಸರದಲ್ಲಿ ತನ್ನ ನಂಬರನ್ನೇ ಹಾಕಿಬಿಟ್ಟಿದ್ದ. ಓ.ಟಿ.ಪಿ. ಬರುವುದು ಅವನಿಗೆ, ಸಂದೇಶ ಬರುವುದು ಅವನಿಗೆ. ಅಂಗಡಿ ಮುಚ್ಚಿದ ಭಾನುವಾರ ಹುಡುಗನಿಗೂ ಕಮಿಟಿಗೂ ನಡುವಿನ ದಾರಿಯೇ ಮುಚ್ಚಿತು. ಪಾಸ್‌ವರ್ಡ್ ಬೇರೆಯವರ ಕೈಯಲ್ಲಿ ಕೊಡುವುದೂ ಸಹಿ ಹಾಕಿದ ಖಾಲಿ ಚೆಕ್ ಕೊಡುವುದೂ ಒಂದೇ.

ಇನ್ನು, ಎಸ್.ಎಂ.ಎಸ್. ಬರಲಿಲ್ಲ ಎಂಬ ನೆಪ ಯಾವ ಕಮಿಟಿಯೂ ಕೇಳುವುದಿಲ್ಲ. ಅವರ ಜಾಲತಾಣದಲ್ಲಿ ಹಾಕಿದರೆ ನಮಗೆ ತಿಳಿಸಿದ ಹಾಗೇ ಲೆಕ್ಕ. ಆದ್ದರಿಂದ ಕೌನ್ಸೆಲಿಂಗ್ ನಡೆಯುವಷ್ಟು ದಿನ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಅಧಿಕೃತ ಜಾಲತಾಣ ನೋಡುವುದು ಹಲ್ಲುಜ್ಜಿದಷ್ಟೇ ಖಾಯಂ ಆಗಬೇಕು.

ಕಾಗದಗಳಲ್ಲಿ ತಡವಾಗುವುದು ಊರಿನಿಂದ ತರಬೇಕಾದವು. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ವ್ಯಾಸಂಗ ಪ್ರಮಾಣಪತ್ರಕ್ಕೆ ಶಾಲೆಯ ಮುಖ್ಯೋಪಾಧ್ಯಾಯರ ಸಹಿ ಸಾಲದು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲು ಸಹಿ ಬೇಕು. ಜಾತಿ, ಆದಾಯದ ಪತ್ರಗಳು ನಾಡಕಚೇರಿಯವು, ಆರ್.ಡಿ. ಸಂಖ್ಯೆ ಇರುವಂಥವು. 371(ಜೆ) ಪತ್ರ ಉಪವಿಭಾಗಾಧಿಕಾರಿಗಳ ಕಚೇರಿಯದು. ಕುಷಾಯಿಗೂಡದಿಂದ ಹುಮನಾಬಾದಿಗೆ ಒಂದು ಸಲ ಹೋಗಿ ಬರುವುದೆಂದರೆ ಚಿಕ್ಕಪ್ಪನಿಗೆ ಒಂದು ದಿನದ ಕೂಲಿ ಖೋತಾ. ಫಲಿತಾಂಶದ ನಂತರ ನಾಲ್ಕು ಸಲ ಓಡುವುದಕ್ಕಿಂತ ಮೊದಲೇ ಒಂದೇ ಸಲ ಹೋಗಿ ಎಲ್ಲ ತರುವುದು ಲಾಭ. ಹೆಸರು, ಇನಿಷಿಯಲ್ ಎಲ್ಲ ಕಾಗದದಲ್ಲೂ ಒಂದೇ ರೀತಿ ಇದೆಯೇ ಅಂತ ಅಲ್ಲೇ ನೋಡಿಕೊಳ್ಳಿ.

ಬರೆಯುವುದಾದರೆ ಹೀಗೆ

ಕಮಿಟಿಗೆ ಬರೆಯಲೇಬಾರದು ಅಂತಲ್ಲ. ಏನಾದರೂ ತೊಡಕಾದರೆ ಬರೆಯಲೇಬೇಕು. ಆದರೆ ನಮ್ಮವರು ಬರೆಯುವುದು ಹೇಗೆ? "ನಾವು ಬಡವರು, ಮಗಳಿಗೆ ಚಿಕ್ಕಂದಿನಿಂದ ಡಾಕ್ಟರ್ ಆಗುವ ಆಸೆ, ದಯಮಾಡಿ ಕೃಪೆ ತೋರಬೇಕು" ಅಂತ ಎರಡು ಪುಟ. ಓದುವ ಗುಮಾಸ್ತ ಕರಗಿದರೂ ಮಾಡುವಂಥದ್ದು ಏನೂ ಇಲ್ಲ, ಯಾಕಂದರೆ ಅದರಲ್ಲಿ ಅರ್ಜಿ ಸಂಖ್ಯೆಯೇ ಇರುವುದಿಲ್ಲ! ಹೀಗೆ ಬರೆದರೆ ಸಾಕು:

"ವಿಷಯ: ಕನ್ನಡ ಮಾಧ್ಯಮ ಪ್ರಮಾಣಪತ್ರದ ಪರಿಶೀಲನೆ ಬಾಕಿ ಇರುವ ಬಗ್ಗೆ. ಅರ್ಜಿ ಸಂಖ್ಯೆ ಇಂಥದು, ನೀಟ್ ರೋಲ್ ನಂಬರ್ ಇಂಥದು. ಮಾನ್ಯರೇ, ಮೇಲ್ಕಂಡ ಪ್ರಮಾಣಪತ್ರವನ್ನು ಇಂಥ ತಾರೀಖು ಸಲ್ಲಿಸಿದ್ದೇನೆ. ಸ್ವೀಕೃತಿಯ ಪ್ರತಿ ಲಗತ್ತಿಸಿದೆ. ಇವತ್ತಿನವರೆಗೂ ಪರಿಶೀಲನೆ ಬಾಕಿ ಎಂದೇ ತೋರಿಸುತ್ತಿದೆ. ಇನ್ನೇನಾದರೂ ದಾಖಲೆ ಬೇಕಿದ್ದರೆ ತಿಳಿಸಬೇಕಾಗಿ ವಿನಂತಿ."

ಇಷ್ಟೇ. ಒಂದು ಪತ್ರಕ್ಕೆ ಒಂದೇ ಪ್ರಶ್ನೆ. ಕೆ.ಇ.ಎ.ಗೆ ಕನ್ನಡದಲ್ಲೇ ಬರೆಯಿರಿ, ಸಂಕೋಚ ಬೇಡ, ಅದು ಕರ್ನಾಟಕ ಸರ್ಕಾರದ ಕಚೇರಿ. ದೆಹಲಿ, ವರಂಗಲ್ಲಿಗೆ ಸರಳ ಇಂಗ್ಲಿಷ್ ಸಾಕು. ತಾತ್ಕಾಲಿಕ ಪಟ್ಟಿ ಹಾಕಿ ಆಕ್ಷೇಪಣೆಗೆ ಗಡುವು ಕೊಡುತ್ತಾರೆ; ನಿಮ್ಮ ವರ್ಗ ತಪ್ಪಾಗಿ ನಮೂದಾಗಿದ್ದರೆ ಆ ಗಡುವಿನೊಳಗೇ ಬರೆಯಬೇಕು. ಗಡುವು ಮುಗಿದ ಮೇಲೆ ಸತ್ಯಕ್ಕೂ ಬೆಲೆ ಇಲ್ಲ.

ಕಾಲೇಜುಗಳ ಆದ್ಯತಾ ಪಟ್ಟಿ ತುಂಬುವುದಿದೆಯಲ್ಲ, ಅದೇ ನಮ್ಮ ನಿಜವಾದ ಪತ್ರ. ಕಂಪ್ಯೂಟರು ರ‍್ಯಾಂಕಿನ ಕ್ರಮದಲ್ಲಿ ಒಬ್ಬೊಬ್ಬರ ಪಟ್ಟಿ ತೆಗೆದು, ಮೇಲಿನಿಂದ ನೋಡುತ್ತಾ, ಖಾಲಿ ಇರುವ ಮೊದಲ ಸೀಟು ಕೊಡುತ್ತದೆ. ಆದ್ದರಿಂದ ಸಿಗಬಹುದಾದ್ದು ಯಾವುದು ಅಂತ ಊಹಿಸಿ ಅದನ್ನು ಮೇಲೆ ಬರೆಯಬಾರದು. ನಮಗೆ ಬೇಕಾದ್ದು ಯಾವುದೋ ಅದೇ ಕ್ರಮದಲ್ಲಿ ಬರೆಯಬೇಕು. ಸಿಗದ ಕಾಲೇಜನ್ನು ಮೇಲೆ ಬರೆದ ಮಾತ್ರಕ್ಕೆ ಕೆಳಗಿನದು ತಪ್ಪಿಹೋಗುವುದಿಲ್ಲ. ಆದರೆ ಶುಲ್ಕ ಕಟ್ಟಲಾಗದ ಕಾಲೇಜನ್ನು "ಇರಲಿ" ಅಂತ ಬರೆಯಬೇಡಿ. ಸಿಕ್ಕರೆ ಅದೇ ಸಂಕಟ.

ಸೀಟು ಹಂಚಿಕೆ ಆದ ಮೇಲೆ ಕೆ.ಇ.ಎ. ನಮ್ಮನ್ನು ಒಂದು ಪ್ರಶ್ನೆ ಕೇಳುತ್ತದೆ. ಒಪ್ಪಿ ಸೇರುತ್ತೀರಾ, ಒಪ್ಪಿದರೂ ಇನ್ನೂ ಮೇಲಿನದಕ್ಕೆ ಕಾಯುತ್ತೀರಾ, ಇದು ಬೇಡ ಎಂದು ಮುಂದಿನ ಸುತ್ತಿಗೆ ಬರುತ್ತೀರಾ, ಪೂರ್ತಿ ಹೊರಗೆ ಹೋಗುತ್ತೀರಾ? ಎರಡನೆಯದನ್ನು ಆರಿಸಿ ಮೇಲಿನ ಸೀಟು ಸಿಕ್ಕರೆ ಹಳೆಯದು ತಾನಾಗಿ ಹೋಗುತ್ತದೆ, ವಾಪಸು ಬರುವುದಿಲ್ಲ. ದ���ಹಲಿಯ ಕಮಿಟಿಯಲ್ಲಿ ಮೊದಲ ಸುತ್ತಿನ ಸೀಟು ಬಿಟ್ಟರೆ ನಷ್ಟವಿಲ್ಲ. ಸುತ್ತು ಮುಂದೆ ಹೋದ ಹಾಗೆ ಠೇವಣಿ ಹೋಗುವ, ಇನ್ನೊಂದು ಕಡೆಗೆ ಅವಕಾಶ ಮುಚ್ಚುವ ನಿಯಮಗಳು ಬಿಗಿಯಾಗುತ್ತವೆ. ಆ ಸುತ್ತಿನ ನಿಯಮವನ್ನು ಆ ಸುತ್ತಿಗೆ ಮೊದಲು ಓದಬೇಕು. ಹೋದ ವರ್ಷದವರು ಹೇಳಿದ್ದು ಈ ವರ್ಷಕ್ಕೆ ಸಾಕ್ಷಿಯಲ್ಲ.

ಪರಿಚಯ ಮಾರುವವರು

ಕೊನೆಯ ಮಾತು, ಆದರೆ ಮೊದಲೇ ಹೇಳಬೇಕಾಗಿದ್ದದ್ದು. ರ‍್ಯಾಂಕು ಬಂದ ನಾಲ್ಕು ದಿನಕ್ಕೆ ಚಿಕ್ಕಪ್ಪನಿಗೆ ಒಂದು ಫೋನು ಬಂತು. "ಕಮಿಟಿಯಲ್ಲಿ ನಮ್ಮವರೇ ಇದ್ದಾರೆ, ಸೀಟು ನಿಶ್ಚಿತ, ಈಗ ಮುಂಗಡ ಕೊಡಿ, ಉಳಿದದ್ದು ಆಮೇಲೆ." ಮಗಳ ಹೆಸರು, ರ‍್ಯಾಂಕು ಎರಡನ್ನೂ ಸರಿಯಾಗಿ ಹೇಳಿದ. ಚಿಕ್ಕಪ್ಪ ಊರಿನ ಎರಡು ಎಕರೆ ಹೊಲ ಅಡವಿಡುವ ಮಾತೆತ್ತಿದರು. ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ನಾನು ಅವರಿಗೆ ಹೇಳಿದ್ದು ಇಷ್ಟೇ: "ಕಾಕಾ, ಆ ಮನುಷ್ಯ ಮಾರೂದು ಪರಿಚಯ. ಆದ್ರ ಪರಿಚಯಕ್ಕ ಸೀಟು ಕೊಡೋ ಮೇಜೇ ಈಗ ಇಲ್ಲ. ಇಲ್ಲದ ಅಂಗಡಿ ಮಾಲಿಗೆ ಮುಂಗಡ ಯಾಕ ಕೊಡ್ತಿ?" ಅವನ ವ್ಯಾಪಾರದ ಗುಟ್ಟು ಸರಳ. ಇಂಥ ಹತ್ತು ಮನೆಗೆ ಫೋನು ಮಾಡಿದರೆ ಮೂರು ಮನೆಯ ಮಕ್ಕಳಿಗೆ ತಮ್ಮ ರ‍್ಯಾಂಕಿನಿಂದಲೇ ಸೀಟು ಬರುತ್ತದೆ. ಆ ಮೂವರ ಹಣ ಅವನು ಇಟ್ಟುಕೊಂಡು "ನಾನೇ ಕೊಡಿಸಿದ್ದು" ಅನ್ನುತ್ತಾನೆ. ಉಳಿದ ಏಳು ಮನೆಯವರಿಗೆ ಫೋನೇ ಎತ್ತುವುದಿಲ್ಲ. ಬಂಡವಾಳವಿಲ್ಲದ ವ್ಯಾಪಾರ, ನಷ್ಟವೂ ಇಲ್ಲ! ಗೊತ್ತಾದ ಶುಲ್ಕದ ಮೇಲೆ ಹೆಚ್ಚಿನ ಹಣ ವಸೂಲು ಮಾಡುವುದನ್ನು ಆಂಧ್ರದಲ್ಲಿ 1983ರ ಕಾಯಿದೆ, ಕರ್ನಾಟಕದಲ್ಲಿ 1984ರ ಕಾಯಿದೆ ನಿಷೇಧಿಸಿದವು. ಅಂಥ ಫೋನು ಬಂದರೆ ನಂಬರು ಬರೆದಿಟ್ಟುಕೊಂಡು ಪೊಲೀಸರಿಗೆ ಕೊಡಿ.

ಹೊಲ ಅಡವಿಗೆ ಹೋಗಲಿಲ್ಲ. ಆ ಹಣದ ಬದಲು ಚಿಕ್ಕಪ್ಪ ಒಂದು ದಿನದ ರಜೆ ಖರ್ಚು ಮಾಡಿ ಹುಮನಾಬಾದಿಗೆ ಹೋಗಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿ ತಂದರು. ಆದ್ಯತಾ ಪಟ್ಟಿಯಲ್ಲಿ ತಂಗಿ ಮೊದಲು ಬರೆದದ್ದು ಬೀದರ್. ಸೀಟು ಬರುತ್ತದೋ ಇಲ್ಲವೋ ಅದು ಅವಳ ರ‍್ಯಾಂಕಿಗೆ, ಮೀಸಲಿನ ಲೆಕ್ಕಕ್ಕೆ ಬಿಟ್ಟದ್ದು. ಬರದಿದ್ದರೆ ಅವಳ ಮುಂದೆ ಬೇರೆ ಓದುಗಳಿವೆ. ಹೊಲ ಹೊಲವಾಗಿಯೇ ಇದೆ.

ಮಿತ್ರರೇ, ನಮ್ಮ ಕೂಟದವರಿಗೆ ನನ್ನದೊಂದು ಸಲಹೆ. ಕೌನ್ಸೆಲಿಂಗ್ ನಡೆಯುವ ದಿನಗಳಲ್ಲಿ ಭಾನುವಾರ ಎರಡು ಗಂಟೆ ನಾವು ನಾಲ್ಕು ಜನ ಒಂದು ಕಡೆ ಕೂರೋಣ. ಪ್ರಕಟಣೆ ಹಿಡಿದುಕೊಂಡು ಬಂದವರಿಗೆ ಅದನ್ನು ಕನ್ನಡದಲ್ಲಿ ಓದಿ ಹೇಳೋಣ, ಕಡೆಯ ದಿನವನ್ನು ಅವರ ನೋಟ್‌ಬುಕ್ಕಿನಲ್ಲಿ ಬರೆದು ಕೊಡೋಣ. ಪಾಸ್‌ವರ್ಡ್ ಮಾತ್ರ ಯಾರದ್ದೂ ಕೇಳುವುದು ಬೇಡ. ಬರುವವರು ತಮ್ಮ ಹೆಸರನ್ನು ಕೂಟದ ಕಾರ್ಯದರ್ಶಿಯವರಲ್ಲಿ ಕೊಡಬೇಕಾಗಿ ಕೋರಿಕೆ.